ಕಳೆ ಸಾಯಬೇಕು, ಭತ್ತ ಉಳಿಯಬೇಕು

ನಿಮ್ಮೆಲ್ಲರ ಮನೆಯ ಬಚ್ಚಲಲ್ಲಿ ಒಂದು ಫಿನಾಯಿಲ್ ಬಾಟಲಿ ಇರುತ್ತದೆ ಅಲ್ವಾ? ನೆಲಕ್ಕೆ ಸುರಿದರೆ ಅಲ್ಲಿರುವ ಬ್ಯಾಕ್ಟೀರಿಯಾ ಸಾಯುತ್ತವೆ. ಟೈಫಾಯ್ಡ್ ತರುವ ಬ್ಯಾಕ್ಟೀರಿಯಾವೂ ಸಾಯುತ್ತದೆ. ಹಾಗಾದರೆ ಟೈಫಾಯ್ಡ್ ಬಂದವರಿಗೆ ಒಂದು ಚಮಚ ಫಿನಾಯಿಲ್ ಯಾಕೆ ಕುಡಿಸಬಾರದು? ಪಾಠದ ಮೊದಲ ದಿನ ನಾನು ವಿದ್ಯಾರ್ಥಿಗಳಿಗೆ ಕೇಳುವ ಪ್ರಶ್ನೆ ಇದು. ಎಲ್ಲರೂ ನಗುತ್ತಾರೆ. ಸರಿ, ಕಾರಣ ಹೇಳಿ ಅಂದರೆ ಕ್ಲಾಸು ಸುಮ್ಮನಾಗುತ್ತದೆ. ರೋಗಾಣು ಕೊಲ್ಲುವುದು ಕಷ್ಟವೇ ಅಲ್ಲ. ಬೆಂಕಿ ಸಾಕು, ಕುದಿಯುವ ನೀರು ಸಾಕು. ಅದು ಮನುಷ್ಯನ ಮೈಯೊಳಗೆ ಸೇರಿಕೊಂಡ ಮೇಲೆ, ಆ ಮನುಷ್ಯನನ್ನು ಉಳಿಸಿಕೊಂಡು ಅದನ್ನು ಮಾತ್ರ ಕೊಲ್ಲುವುದು ಕಷ್ಟ.

ಇವತ್ತು ಮಾತು ಶುರುವಾಗುವ ಮುಂಚೆ, ಇಲ್ಲಿ ಮುಂದೆ ಕೂತಿರುವ ಅಮ್ಮ ನನ್ನನ್ನು ಒಂದು ಪ್ರಶ್ನೆ ಕೇಳಿದರು. "ಇಲಿ ಜ್ವರಕ್ಕೆ ಮಾತ್ರೆ ಕೊಡ್ತೀರಿ. ಮಂಗನ ಕಾಯಿಲೆಗೆ ಯಾಕೆ ಮಾತ್ರೆ ಇಲ್ಲ? ಎರಡೂ ಜ್ವರಾನೇ ತಾನೆ?" ತುಂಬಾ ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟೇ ಮುಗಿಸುತ್ತೇನೆ. ಅಲ್ಲಿಗೆ ತಲುಪಲು ಸ್ವಲ್ಪ ಸುತ್ತಬೇಕು.

ನಿಮ್ಮಲ್ಲಿ ಗದ್ದೆ ಮಾಡುವವರು ಜಾಸ್ತಿ ಇದ್ದೀರಿ, ಹಾಗಾಗಿ ಗದ್ದೆಯಿಂದಲೇ ಹೊರಡೋಣ. ನಾಟಿ ಆದ ಮೇಲೆ ಟೂ-ಫೋರ್-ಡಿ ಎಂಬ ಕಳೆನಾಶಕ ಹೊಡೆಯುತ್ತಾರೆ. ಅಗಲ ಎಲೆಯ ಕಳೆಗಳೆಲ್ಲ ಸುರುಟಿಕೊಂಡು ಸಾಯುತ್ತವೆ. ಭತ್ತ ಉಳಿಯುತ್ತದೆ. ಆ ಔಷಧ ಭತ್ತದ ಮೇಲೂ ಬಿದ್ದಿರುತ್ತದೆ, ಕಳೆಯ ಮೇಲೂ ಬಿದ್ದಿರುತ್ತದೆ. ಯಾವುದು ಬೆಳೆ, ಯಾವುದು ಕಳೆ ಅಂತ ಅದಕ್ಕೇನು ಗೊತ್ತು? ಎರಡು ಗಿಡಗಳ ಮೈ ಒಳಗೆ ಬೇರೆ ಬೇರೆ ಥರ ಇರುವುದರಿಂದ ಒಂದು ಸಾಯುತ್ತದೆ, ಇನ್ನೊಂದು ಬದುಕುತ್ತದೆ. ಅದೇ ಔಷಧ ಭತ್ತದ ಹಾಗೇ ಕಾಣುವ ಹುಲ್ಲಿಗೆ ನಾಟುವುದಿಲ್ಲ. ಕಾಡುಭತ್ತ ಎದ್ದರಂತೂ ಕೈಯಿಂದಲೇ ಕೀಳಬೇಕು. ಅದು ಭತ್ತದ ದಾಯಾದಿ. ಅದನ್ನು ಕೊಲ್ಲುವ ಔಷಧ ಭತ್ತವನ್ನೂ ಬಿಡುವುದಿಲ್ಲ.

ನಮ್ಮ ಮೈಯಲ್ಲೂ ಇದೇ ನಡೆಯುತ್ತದೆ. ಗಂಟಲು ನೋವಿಗೆ ನುಂಗಿದ ಮಾತ್ರೆ ಗಂಟಲಿಗೆ ಮಾತ್ರ ಹೋಗುವುದಿಲ್ಲ. ರಕ್ತಕ್ಕೆ ಸೇರಿ ಕಾಲಿನ ಹೆಬ್ಬೆರಳಿನವರೆಗೂ ಹೋಗುತ್ತದೆ. ದಾರಿಯಲ್ಲಿ ಸಿಗುವ ನಮ್ಮ ಕೋಶಗಳನ್ನೆಲ್ಲ ಮುಟ್ಟಿಕೊಂಡೇ ಹೋಗುತ್ತದೆ. ಆ ರೋಗಾಣುವಿನಲ್ಲಿ ಇದ್ದು ನಮ್ಮಲ್ಲಿ ಇಲ್ಲದ್ದು ಏನು? ಅದನ್ನು ಹುಡುಕುವುದೇ ನಮ್ಮ ವಿದ್ಯೆ. ಎಷ್ಟು ವ್ಯತ್ಯಾಸ ಸಿಗುತ್ತದೋ ಅಷ್ಟು ಒಳ್ಳೆಯ ಔಷಧ ಸಿಗುತ್ತದೆ.

ಈ ಹುಡುಕಾಟ ಬಣ್ಣಗಳಿಂದ ಶುರುವಾಯಿತು. ಜರ್ಮನಿಯಲ್ಲಿ ಪಾಲ್ ಎರ್ಲಿಕ್ ಅಂತ ಒಬ್ಬ ವೈದ್ಯ ಇದ್ದ. ಸೂಕ್ಷ್ಮದರ್ಶಕದಡಿ ನೋಡಲು ಕೋಶಗಳಿಗೆ ಬಣ್ಣ ಹಾಕುತ್ತಿದ್ದ. ಕೆಲವು ಬಣ್ಣ ರೋಗಾಣುವಿಗೆ ಹಿಡಿಯುತ್ತಿತ್ತು, ಪಕ್ಕದ ಕೋಶಕ್ಕೆ ಹಿಡಿಯುತ್ತಿರಲಿಲ್ಲ. ಬಣ್ಣ ಆರಿಸಿ ಹಿಡಿಯುತ್ತದೆ ಅಂದರೆ ವಿಷವೂ ಆರಿಸಿ ಹಿಡಿಯಬಹುದಲ್ಲ ಅಂತ ಅವನಿಗೆ ಹೊಳೆಯಿತು. 1891ರಲ್ಲಿ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ಮಲೇರಿಯಾ ರೋಗಿಗಳಿಗೆ ಕೊಟ್ಟು ನೋಡಿದ. ಸಿಫಿಲಿಸ್ ರೋಗಕ್ಕೆ ಆರ್ಸೆನಿಕ್ ಇರುವ 606 ನಂಬರಿನ ವಸ್ತು ಅವನ ಪ್ರಯೋಗಾಲಯದಲ್ಲೇ ಸಿಕ್ಕಿತು. 1910ರಲ್ಲಿ ಸಾಲ್ವರ್ಸಾನ್ ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದರಿಂದ ರೋಗಿಗೂ ಪೆಟ್ಟು ಬೀಳುತ್ತಿತ್ತು. ಆದರೂ ಅಲ್ಲಿಯವರೆಗೆ ಕೊಡುತ್ತಿದ್ದ ಪಾದರಸಕ್ಕಿಂತ ಎಷ್ಟೋ ವಾಸಿ.

ಅದಾದ ಮೇಲೆ ಬಂದದ್ದೂ ಒಂದು ಬಣ್ಣವೇ, ಪ್ರೊಂಟೊಸಿಲ್. ಕೆಂಪು ಬಣ್ಣ. 1932ರಲ್ಲಿ ಗೆರ್ಹಾರ್ಡ್ ಡೊಮಾಕ್ ಎಂಬ ಜರ್ಮನ್ ವೈದ್ಯ ಅದನ್ನು ಇಲಿಗಳ ಮೇಲೆ ಪರೀಕ್ಷೆ ಮಾಡಿದ. ಅವನ ಪುಟ್ಟ ಮಗಳು ಹಿಲ್ಡೆಗಾರ್ಡ್‌ಗೆ ಸೂಜಿ ಚುಚ್ಚಿ ಕೈಗೆ ಸೋಂಕಾಯಿತು. ಅದು ಏರುತ್ತಾ ಹೋಯಿತು. ಕೈ ಕತ್ತರಿಸಬೇಕು ಅಂದರು ವೈದ್ಯರು. ಅಪ್ಪ ತಾನು ಪರೀಕ್ಷೆ ಮಾಡಿದ ಔಷಧವನ್ನೇ ಮಗಳಿಗೆ ಕೊಟ್ಟ. ಕೈಯೂ ಉಳಿಯಿತು, ಮಗುವೂ ಉಳಿಯಿತು. ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆ ತಂದೆಯ ಕೈ ನಡುಗಿರಬೇಕು ಅಂತ ಪ್ರತಿ ಸಲವೂ ಅನ್ನಿಸುತ್ತದೆ.

ವಿಚಿತ್ರ ಏನೆಂದರೆ ಪ್ರೊಂಟೊಸಿಲ್ ಗಾಜಿನ ಕೊಳವೆಯಲ್ಲಿ ಬ್ಯಾಕ್ಟೀರಿಯಾ ಕೊಲ್ಲುತ್ತಿರಲಿಲ್ಲ. ಮೈಯೊಳಗೆ ಹೋದರೆ ಕೆಲಸ ಮಾಡುತ್ತಿತ್ತು. ಯಾಕೆ ಅಂತ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು 1935ರಲ್ಲಿ ಕಂಡುಹಿಡಿದರು. ಮೈಯೊಳಗೆ ಆ ಬಣ್ಣ ಒಡೆದು ಎರಡು ತುಂಡಾಗುತ್ತದೆ. ಅದರಲ್ಲಿ ಬಣ್ಣವೇ ಇಲ್ಲದ ಒಂದು ತುಂಡು ನಿಜವಾದ ಔಷಧ. ಅದೇ ಸಲ್ಫಾ.

ಸಲ್ಫಾ ಹೇಗೆ ಕೊಲ್ಲುತ್ತದೆ? ಬಸುರಿಯರಿಗೆ ಫೋಲಿಕ್ ಆ್ಯಸಿಡ್ ಮಾತ್ರೆ ಕೊಡುವುದು ನಿಮಗೆ ಗೊತ್ತು. ಕೋಶ ಒಡೆದು ಎರಡಾಗಬೇಕಾದರೆ ಆ ಫೋಲಿಕ್ ಆ್ಯಸಿಡ್ ಬೇಕೇ ಬೇಕು. ನಮ್ಮ ಮೈಗೆ ಅದನ್ನು ತಯಾರಿಸಲು ಬರುವುದಿಲ್ಲ. ಸೊಪ್ಪು, ಕಾಳು ತಿಂದು ಪಡೆಯುತ್ತೇವೆ. ಬ್ಯಾಕ್ಟೀರಿಯಾದ ಕಥೆ ಉಲ್ಟಾ. ಬಹುಪಾಲು ಬ್ಯಾಕ್ಟೀರಿಯಾ ಹೊರಗಿನದ್ದನ್ನು ತೆಗೆದುಕೊಳ್ಳಲಾರವು, ಮನೆಯಲ್ಲೇ ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಒಂದು ಸಾಮಾನು ಪಾಬಾ. ಸಲ್ಫಾ ನೋಡಲು ಥೇಟ್ ಪಾಬಾದ ಹಾಗೇ ಇದೆ. ಬ್ಯಾಕ್ಟೀರಿಯಾದ ಕಿಣ್ವ ಮೋಸಹೋಗಿ ಸಲ್ಫಾವನ್ನು ಹಿಡಿದುಕೊಳ್ಳುತ್ತದೆ. ಅಲ್ಲಿಗೆ ಕೆಲಸ ನಿಂತುಹೋಗುತ್ತದೆ. 1940ರಲ್ಲಿ ಡೊನಾಲ್ಡ್ ವುಡ್ಸ್ ಈ ಗುಟ್ಟು ಬಿಡಿಸಿದ. ನಾವು ಹೋಟೆಲಿನಲ್ಲಿ ಉಣ್ಣುವವರು, ಬ್ಯಾಕ್ಟೀರಿಯಾ ಮನೆಯಲ್ಲಿ ಅಡುಗೆ ಮಾಡಿಕೊಳ್ಳುವುದು. ಅದರ ಅಡುಗೆಮನೆಗೆ ಬೀಗ ಹಾಕಿದರೆ ನಮ್ಮ ಊಟಕ್ಕೇನೂ ತೊಂದರೆ ಇಲ್ಲ. ನಮಗೆ ಬಾರದ ಒಂದು ಕೆಲಸವೇ ಇಲ್ಲಿ ನಮ್ಮನ್ನು ಕಾಯುತ್ತದೆ!

ಒಂದು ಮಾತು ನಡುವೆ. ಕೀವು ತುಂಬಿದ ಗಾಯಕ್ಕೆ ಸಲ್ಫಾ ಅಷ್ಟಾಗಿ ನಾಟುವುದಿಲ್ಲ. ಸತ್ತ ಕೋಶಗಳು ಒಡೆದು ಕೀವಿನಲ್ಲಿ ಈ ಅಡುಗೆ ಸಾಮಾನುಗಳೆಲ್ಲ ಧಾರಾಳವಾಗಿ ಬಿದ್ದಿರುತ್ತವೆ. ಬ್ಯಾಕ್ಟೀರಿಯಾಕ್ಕೆ ಅಲ್ಲಿ ಕೊರತೆಯೇ ಇಲ್ಲ. "ಮೊದಲು ಕೀವು ತೆಗೆಯಿರಿ, ಆಮೇಲೆ ಮಾತ್ರೆ" ಅಂತ ಹಳೆಯ ವೈದ್ಯರು ಹಟ ಹಿಡಿಯುತ್ತಿದ್ದುದು ಸುಮ್ನೆ ಅಲ್ಲ.

ಈಗ ಪೆನಿಸಿಲಿನ್. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನ್ನ ಪ್ರಕಾರ ಮನುಷ್ಯನಿಗೆ ಸಿಕ್ಕ ಅತಿ ಸೊಗಸಾದ ವ್ಯತ್ಯಾಸ ಇದು.

ಬ್ಯಾಕ್ಟೀರಿಯಾದ ಒಳಗೆ ಒತ್ತಡ ತುಂಬಾ ಜಾಸ್ತಿ. ಕೀವು ತರುವ ಸ್ಟೆಫೈಲೊಕಾಕಸ್ ಅನ್ನೇ ತೆಗೆದುಕೊಳ್ಳಿ. ಅದರೊಳಗಿನ ಒತ್ತಡ ಕಾರಿನ ಟೈರಿನಲ್ಲಿರುವುದಕ್ಕಿಂತ ಸುಮಾರು ಹತ್ತು ಪಟ್ಟು. ಅದು ಒಡೆದುಹೋಗದೆ ಇರಲು ಸುತ್ತ ಒಂದು ಗೋಡೆ ಬೇಕು. ಗೋಡೆ ಅಂದರೆ ಇಟ್ಟಿಗೆ ಗೋಡೆ ಅಲ್ಲ, ಹೊಲಿದ ಬಲೆಯ ಚೀಲ ಅಂದುಕೊಳ್ಳಿ. ಉದ್ದ ದಾರಗಳು, ಅಡ್ಡಡ್ಡ ಗಂಟುಗಳು. ನಮ್ಮ ಕೋಶಗಳಿಗೆ ಈ ಚೀಲ ಇಲ್ಲ, ತೆಳ್ಳನೆಯ ಪೊರೆ ಮಾತ್ರ. ನಾವು ಉಪ್ಪಿನ ಅಂಶ ಸರಿಯಾಗಿರುವ ರಕ್ತದಲ್ಲಿ ಕೋಶಗಳನ್ನು ಮುಳುಗಿಸಿ ಇಟ್ಟುಕೊಂಡಿದ್ದೇವೆ, ಅವಕ್ಕೆ ಚೀಲ ಬೇಕಾಗಿಲ್ಲ.

ಬ್ಯಾಕ್ಟೀರಿಯಾ ಬೆಳೆಯಬೇಕಾದರೆ ಚೀಲ ದೊಡ್ಡದಾಗಬೇಕು. ಅದಕ್ಕೆ ಹಳೆಯ ಹೊಲಿಗೆ ಅಲ್ಲಲ್ಲಿ ಬಿಚ್ಚಿ, ಹೊಸ ದಾರ ಸೇರಿಸಿ, ಮತ್ತೆ ಗಂಟು ಹಾಕಬೇಕು. ಬಿಚ್ಚುವ ಕಿಣ್ವ ಬೇರೆ, ಗಂಟು ಹಾಕುವ ಕಿಣ್ವ ಬೇರೆ. ಗಂಟು ಬೀಳುವ ತುದಿಯಲ್ಲಿ ಅಲನಿನ್ ಎಂಬ ಅಮೈನೊ ಆಮ್ಲ ಎರಡು ಜೊತೆಯಾಗಿ ಇರುತ್ತವೆ. ಅಲನಿನ್ ನಮ್ಮ ಮೈಯಲ್ಲೂ ಬೇಕಾದಷ್ಟಿದೆ. ಆದರೆ ಎಡಗಾಲಿನ ಚಪ್ಪಲಿಗೂ ಬಲಗಾಲಿನ ಚಪ್ಪಲಿಗೂ ಇರುವ ವ್ಯತ್ಯಾಸ ಇಲ್ಲಿದೆ. ನಮ್ಮ ಪ್ರೋಟೀನುಗಳಲ್ಲಿ ಇರುವುದೆಲ್ಲ ಎಡಗಾಲಿನದು. ಬ್ಯಾಕ್ಟೀರಿಯಾ ಗೋಡೆಯ ತುದಿಗೆ ಬಲಗಾಲಿನದನ್ನು ಬಳಸುತ್ತದೆ. ಪೆನಿಸಿಲಿನ್‌ನ ಆಕಾರ ಆ ಎರಡು ಬಲಗಾಲಿನ ಚಪ್ಪಲಿಗಳ ಜೋಡಿಯಂತೆ ಇದೆ. ಗಂಟು ಹಾಕುವ ಕಿಣ್ವ ಅದನ್ನು ಹಿಡಿದ ತಕ್ಷಣ ಪೆನಿಸಿಲಿನ್‌ನ ಬಿಗಿಯಾದ ಚೌಕ ಉಂಗುರ ತೆರೆದುಕೊಂಡು ಕಿಣ್ವಕ್ಕೇ ಅಂಟಿಕೊಳ್ಳುತ್ತದೆ. ಮತ್ತೆ ಬಿಡುವುದೇ ಇಲ್ಲ.

ಈಗ ಬಿಚ್ಚುವವರು ಬಿಚ್ಚುತ್ತಲೇ ಇದ್ದಾರೆ, ಗಂಟು ಹಾಕುವವರ ಕೈ ಕಟ್ಟಿದೆ. ಚೀಲ ಒಂದು ಕಡೆ ತೆಳ್ಳಗಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಲಿನಂತಿರುವ ಬ್ಯಾಕ್ಟೀರಿಯಾದ ಪಕ್ಕದಲ್ಲಿ ಒಂದು ಗುಳ್ಳೆ ಏಳುತ್ತದೆ. ಗುಳ್ಳೆ ಊದುತ್ತದೆ. ನೋಡ್ತಾ ನೋಡ್ತಾ ಇದ್ದ ಹಾಗೇ ಪಟ್ ಅಂತ ಒಡೆಯುತ್ತದೆ. ಆಮೇಲೆ ಅಲ್ಲಿ ಒಂದು ಮಸುಕಾದ ನೆರಳು ಮಾತ್ರ ಉಳಿಯುತ್ತದೆ. ಬೆಳೆಯದೆ ಸುಮ್ಮನೆ ಮಲಗಿರುವ ಬ್ಯಾಕ್ಟೀರಿಯಾಕ್ಕೆ ಮಾತ್ರ ಪೆನಿಸಿಲಿನ್ ಏನೂ ಮಾಡಲಾರದು. ಅದು ಹೊಲಿಗೆಯನ್ನು ಬಿಚ್ಚಿಯೇ ಇಲ್ಲವಲ್ಲ.

ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಬೂಸ್ಟು ನೋಡಿದ ಕಥೆ ನಿಮಗೆಲ್ಲ ಶಾಲೆಯಲ್ಲೇ ಗೊತ್ತಾಗಿದೆ. ಅದನ್ನು ಔಷಧ ಮಾಡಿದವರು ಆಕ್ಸ್‌ಫರ್ಡ್‌ನ ಫ್ಲೋರಿ, ಚೈನ್, ಹೀಟ್ಲಿ ಮತ್ತು ಅವರ ಜೊತೆಗಾರರು. 1940ರ ಮೇ 25ರಂದು ಎಂಟು ಇಲಿಗಳಿಗೆ ಮಾರಕ ಬ್ಯಾಕ್ಟೀರಿಯಾ ಚುಚ್ಚಿದರು. ನಾಲ್ಕಕ್ಕೆ ಪೆನಿಸಿಲಿನ್ ಕೊಟ್ಟರು. ಹೀಟ್ಲಿ ರಾತ್ರಿಯೆಲ್ಲ ಕಾದು ಕೂತ. ಬೆಳಗಾಗುವ ಹೊತ್ತಿಗೆ ಔಷಧ ಸಿಗದ ನಾಲ್ಕೂ ಸತ್ತಿದ್ದವು, ಸಿಕ್ಕ ನಾಲ್ಕೂ ಬದುಕಿದ್ದವು. ಮರುವರ್ಷ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸಿನವನಿಗೆ ಕೊಟ್ಟರು. ಅವನ ಮುಖ, ಕಣ್ಣು ಎಲ್ಲ ಕೀವಾಗಿತ್ತು. ಔಷಧ ಬಿದ್ದ ಮೇಲೆ ಚೇತರಿಸಿಕೊಂಡ. ಆದರೆ ಇದ್ದ ಪೆನಿಸಿಲಿನ್ ಐದೇ ದಿನಕ್ಕೆ ಮುಗಿಯಿತು. ಅವನ ಮೂತ್ರದಿಂದ ಪೆನಿಸಿಲಿನ್ ಸೋಸಿ ತೆಗೆದು ಮತ್ತೆ ಅವನಿಗೇ ಕೊಟ್ಟರು. ಸಾಲಲಿಲ್ಲ. ಒಂದು ತಿಂಗಳಲ್ಲಿ ಅವನು ತೀರಿಕೊಂಡ. ನಮ್ಮ ಮೈ ಪೆನಿಸಿಲಿನ್ ಅನ್ನು ಹೆಚ್ಚೂಕಡಿಮೆ ಹಾಗೇ ಹೊರಗೆ ಹಾಕುತ್ತದೆ. ಅದಕ್ಕೇ ಮೂತ್ರದಲ್ಲಿ ಮತ್ತೆ ಸಿಕ್ಕಿತು.

ಹಾಗಂತ ಪೆನಿಸಿಲಿನ್‌ನಿಂದ ಯಾರಿಗೂ ತೊಂದರೆಯೇ ಇಲ್ಲ ಅಂತಲ್ಲ. ಕೆಲವರಿಗೆ ಅಲರ್ಜಿಯಾಗುತ್ತದೆ, ಪ್ರಾಣವೂ ಹೋಗಬಹುದು. ಆದರೆ ಅದು ನಮ್ಮದೇ ರಕ್ಷಣಾ ವ್ಯವಸ್ಥೆಯ ಸಿಟ್ಟು. ಬ್ಯಾಕ್ಟೀರಿಯಾ ಕೊಲ್ಲುವ ರೀತಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನೊಂದು ಸಂಗತಿ ಕೇಳಿ. ಅವತ್ತು ಆಕ್ಸ್‌ಫರ್ಡ್‌ನವರು ಇಲಿಯ ಬದಲು ಗಿನಿಪಿಗ್ ಬಳಸಿದ್ದರೆ ಪೆನಿಸಿಲಿನ್ ಅಲ್ಲಿಗೇ ಮೂಲೆ ಸೇರುತ್ತಿತ್ತೇನೋ. ಗಿನಿಪಿಗ್‌ಗೆ ಪೆನಿಸಿಲಿನ್ ಕೊಟ್ಟರೆ ಸಾಯುತ್ತದೆ. ಅದರ ಕೋಶಗಳಿಗೆ ಏನೂ ಆಗಿರುವುದಿಲ್ಲ, ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಕೆಟ್ಟವು ಮೇಲೇಳುತ್ತವೆ. ನಮಗೂ ಆ್ಯಂಟಿಬಯಾಟಿಕ್ ತೆಗೆದುಕೊಂಡಾಗ ಬೇಧಿ ಆಗುತ್ತದಲ್ಲ, ಕಾರಣ ಹೆಚ್ಚಾಗಿ ಇದೇ. ಕರುಳಿನ ಆ ಬ್ಯಾಕ್ಟೀರಿಯಾಗಳೂ ನಮ್ಮ ಸಂಸಾರವೇ. ಔಷಧಕ್ಕೆ ಆ ನೆಂಟಸ್ತಿಕೆ ಗೊತ್ತಿಲ್ಲ.

ಗೋಡೆಯಷ್ಟು ದೊಡ್ಡ ವ್ಯತ್ಯಾಸ ಎಲ್ಲ ಕಡೆ ಸಿಗುವುದಿಲ್ಲ. ಪ್ರೋಟೀನು ತಯಾರಿಸುವ ರೈಬೋಸೋಮ್ ಬ್ಯಾಕ್ಟೀರಿಯಾಕ್ಕೂ ಇದೆ, ನಮಗೂ ಇದೆ. ಅದರದು ಸ್ವಲ್ಪ ಚಿಕ್ಕದು, ಒಳಗಿನ ಮಡಿಕೆಗಳು ಬೇರೆ. ಆ ಮಡಿಕೆಗಳಲ್ಲಿ ಔಷಧ ಎಲ್ಲಿ ಹೋಗಿ ಕೂರುತ್ತದೆ ಅಂತ ಅಣು ಅಣುವಾಗಿ ತೋರಿಸಿದವರಲ್ಲಿ ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಒಬ್ಬರು. 2009ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಇಲಿ ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಕೂರುವುದು ಈ ರೈಬೋಸೋಮಿನಲ್ಲೇ. ಟಿಬಿಗೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಕೂಡ ಅಲ್ಲೇ.

ಸ್ಟ್ರೆಪ್ಟೊಮೈಸಿನ್ ಅಂದ ಕೂಡಲೇ ನನಗೆ ನಮ್ಮ ಸೋದರಮಾವ ನೆನಪಾಗುತ್ತಾರೆ. ನಾನು ಚಿಕ್ಕವಳಿದ್ದಾಗ ಅವರಿಗೆ ಟಿಬಿ ಆಗಿತ್ತು. ತಿಂಗಳುಗಟ್ಟಲೆ ದಿನಾ ಇಂಜೆಕ್ಷನ್. ಟಿಬಿ ವಾಸಿಯಾಯಿತು, ಮಾವ ಮುಂದೆ ಬಹಳ ವರ್ಷ ಬಾಳಿದರು. ಆದರೆ ರಾತ್ರಿ ಹೊತ್ತು ಅವರು ಗೋಡೆ ಹಿಡಿದುಕೊಂಡೇ ನಡೆಯುತ್ತಿದ್ದರು. ಹಗಲು ಸರಿಯಾಗಿಯೇ ಓಡಾಡುವರು. ಕರೆಂಟು ಹೋಯಿತು ಅಂದರೆ ಇದ್ದಲ್ಲೇ ನಿಂತುಬಿಡುವರು, "ಯಾರಾದ್ರೂ ದೀಪ ತನ್ನಿ" ಅಂತ ಕೂಗುವರು. ಮಕ್ಕಳಾದ ನಾವು ಮಾವನಿಗೆ ಕತ್ತಲು ಅಂದರೆ ಹೆದರಿಕೆ ಅಂದುಕೊಂಡಿದ್ದೆವು. ಮೆಡಿಕಲ್ ಓದುವಾಗ ಪುಸ್ತಕದಲ್ಲಿ ಅದೇ ಲಕ್ಷಣ ಓದಿ ನನಗೆ ಕಣ್ಣು ತುಂಬಿ ಬಂತು. ಆ ಔಷಧ ಒಳಕಿವಿಯ ಸಮತೋಲದ ಅಂಗವನ್ನು ಕೆಡಿಸುತ್ತದೆ. ಬೆಳಕಿದ್ದಾಗ ಕಣ್ಣು ಆ ಕೆಲಸ ತೂಗಿಸುತ್ತದೆ. ಕತ್ತಲಾದರೆ ಮೈ ಎತ್ತ ವಾಲುತ್ತಿದೆ ಅಂತಲೇ ತಿಳಿಯುವುದಿಲ್ಲ.

ಯಾಕೆ ಹೀಗಾಗುತ್ತದೆ? ಒಂದು ಕಾರಣ ನಮ್ಮೊಳಗೇ ಇದೆ. ನಮ್ಮ ಕೋಶಗಳಿಗೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾ ಬಹಳ ಬಹಳ ಹಿಂದೆ ಬ್ಯಾಕ್ಟೀರಿಯಾವೇ ಆಗಿತ್ತು. ಒಳಗೆ ಸೇರಿಕೊಂಡು ಮನೆಯವರಾಗಿಬಿಟ್ಟಿತು. ಅದರ ರೈಬೋಸೋಮ್ ಇವತ್ತಿಗೂ ಬ್ಯಾಕ್ಟೀರಿಯಾದ ರೈಬೋಸೋಮನ್ನೇ ಹೋಲುತ್ತದೆ. ಕೆಲವು ಮನೆತನಗಳಲ್ಲಿ ಆ ಹೋಲಿಕೆ ಇನ್ನೂ ಜಾಸ್ತಿ. ಅದು ತಾಯಿಯ ಕಡೆಯಿಂದ ಬರುತ್ತದೆ. ಅಂಥವರಿಗೆ ಈ ಗುಂಪಿನ ಇಂಜೆಕ್ಷನ್ ಸರಿಯಾದ ಅಳತೆಯಲ್ಲೇ ಕೊಟ್ಟರೂ ಕಿವಿ ಹೋಗಬಹುದು. ನಿಮ್ಮ ತಾಯಿಯ ಕಡೆ ಯಾರಿಗಾದರೂ ಇಂಜೆಕ್ಷನ್ ಆದ ಮೇಲೆ ಕಿವುಡು ಬಂದಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಅವರು ಕೇಳದಿದ್ದರೂ ಹೇಳಿ.

ಈಗ ದಾಯಾದಿಯ ವಿಷಯಕ್ಕೆ ಬರುತ್ತೇನೆ. ಶಿಲೀಂಧ್ರ, ಅಂದರೆ ಬೂಸ್ಟು. ಬ್ಯಾಕ್ಟೀರಿಯಾಕ್ಕೆ ಹೋಲಿಸಿದರೆ ಅದು ನಮಗೆ ಬಹಳ ಹತ್ತಿರದ ಸಂಬಂಧಿ. ಕೋಶದ ಒಳಗಿನ ಏರ್ಪಾಟು ಹೆಚ್ಚೂಕಡಿಮೆ ನಮ್ಮದೇ. 2021ರಲ್ಲಿ ಕೋವಿಡ್ ಎರಡನೇ ಅಲೆಯ ಜೊತೆ ಕಪ್ಪು ಶಿಲೀಂಧ್ರ ಬಂತಲ್ಲ, ಆಗ ಎಲ್ಲರ ಬಾಯಲ್ಲೂ ಆ್ಯಂಫೊಟೆರಿಸಿನ್ ಅನ್ನುವ ಹೆಸರಿತ್ತು. ಔಷಧ ಸಿಗದೆ ಜನ ಊರೂರು ಅಲೆದರು. ಅದು ಹಿಡಿಯುವ ವ್ಯತ್ಯಾಸ ಇಷ್ಟೇ. ನಮ್ಮ ಪೊರೆಯಲ್ಲಿ ಕೊಲೆಸ್ಟ್ರಾಲ್ ಇದೆ, ಶಿಲೀಂಧ್ರದ ಪೊರೆಯಲ್ಲಿ ಎರ್ಗೊಸ್ಟೆರಾಲ್ ಇದೆ. ಎರಡೂ ಅಕ್ಕತಂಗಿಯರ ಹಾಗೆ. ಔಷಧ ಹೆಚ್ಚಾಗಿ ಎರ್ಗೊಸ್ಟೆರಾಲ್‌ಗೆ ಅಂಟುತ್ತದೆ, ಆದರೆ ಕೊಲೆಸ್ಟ್ರಾಲನ್ನೂ ಪೂರ್ತಿ ಬಿಡುವುದಿಲ್ಲ. ಹಾಗಾಗಿ ಕಿಡ್ನಿಗೆ ಪೆಟ್ಟು. ಹಳದಿ ಬಣ್ಣದ ಆ ಬಾಟಲಿಗೆ ಬೆಳಕು ತಾಗಬಾರದು ಅಂತ ಕಪ್ಪು ಕಾಗದ ಸುತ್ತಿ ಗಂಟೆಗಟ್ಟಲೆ ತೊಟ್ಟು ತೊಟ್ಟಾಗಿ ಹನಿಸುತ್ತಾರೆ. ಅದು ಹೋಗುತ್ತಿರುವಾಗಲೇ ರೋಗಿಗೆ ಚಳಿ ಹತ್ತಿ ಮಂಚವೇ ಅಲುಗುವಷ್ಟು ನಡುಕ. ಬೆಳಗಾದರೆ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ರಕ್ತದಲ್ಲಿ ಎಷ್ಟಾಗಿದೆ ಅಂತ ನೋಡಿ, ಇವತ್ತಿನ ಬಾಟಲಿ ಕೊಡಬಹುದೋ ಬಾರದೋ ಅಂತ ಯೋಚಿಸಬೇಕು. ಕೊಬ್ಬಿನ ಸಣ್ಣ ಹನಿಗಳಲ್ಲಿ ಸುತ್ತಿಟ್ಟ ಹೊಸ ರೂಪದಲ್ಲಿ ಕಿಡ್ನಿಗೆ ಪೆಟ್ಟು ಕಡಿಮೆ. ಅವತ್ತು ಎಲ್ಲರೂ ಹುಡುಕುತ್ತಿದ್ದುದು ಅದನ್ನೇ.

ಇಷ್ಟು ಹೇಳಿದ ಮೇಲೆ ನನ್ನ ಮನಸ್ಸಿನಲ್ಲಿರುವ ದೊಡ್ಡ ಚಿಂತೆ ಹೇಳಬಹುದು. ಆ್ಯಂಟಿಬಯಾಟಿಕ್ ಬೇಕಾಬಿಟ್ಟಿ ನುಂಗಿದರೆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಬಗ್ಗದಿದ್ದರೆ ಏನಾಗುತ್ತದೆ? ಔಷಧವೇ ಇಲ್ಲದ ಸ್ಥಿತಿ ಒಂದೇ ಸಲಕ್ಕೆ ಬರುವುದಿಲ್ಲ. ಅದಕ್ಕೂ ಮೊದಲು, ವ್ಯತ್ಯಾಸ ಜಾಸ್ತಿ ಇರುವ ಸುರಕ್ಷಿತ ಔಷಧಗಳು ಕೈಬಿಡುತ್ತವೆ. ಆಮೇಲೆ ನಾವು ವ್ಯತ್ಯಾಸ ಕಡಿಮೆ ಇರುವ ಔಷಧಗಳಿಗೆ ವಾಪಸ್ ಹೋಗುತ್ತೇವೆ. ಕೊಲಿಸ್ಟಿನ್ ಅಂತ ಒಂದು ಹಳೆಯ ಔಷಧ ಇದೆ. ಬ್ಯಾಕ್ಟೀರಿಯಾದ ಪೊರೆಯನ್ನೇ ಹರಿದುಹಾಕುತ್ತದೆ. ಪೊರೆ ನಮಗೂ ಇದೆ. ಕಿಡ್ನಿ ಕೆಡುತ್ತದೆ ಅಂತ ಹಿಂದಿನ ತಲೆಮಾರಿನ ವೈದ್ಯರು ಅದನ್ನು ಬದಿಗಿಟ್ಟಿದ್ದರು. ಈಗ ಐಸಿಯುಗಳಲ್ಲಿ ಬೇರೆ ದಾರಿಯಿಲ್ಲದೆ ಅದನ್ನೇ ಹೊರಗೆ ತೆಗೆದಿದ್ದೇವೆ. ಕೋಳಿ, ಜಾನುವಾರುಗಳ ಮೇವಿಗೆ ಅದನ್ನು ಬೆರೆಸಬಾರದು ಅಂತ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧ ಹಾಕಿದ್ದು ಅದನ್ನಾದರೂ ಉಳಿಸಿಕೊಳ್ಳೋಣ ಅಂತ. ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೂ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬೇಡಿ. ನೆಗಡಿಗಂತೂ ಬೇಡವೇ ಬೇಡ. ನೆಗಡಿ ವೈರಸ್ಸಿನದು. ಅದಕ್ಕೆ ಗೋಡೆಯೂ ಇಲ್ಲ, ರೈಬೋಸೋಮೂ ಇಲ್ಲ. ಆ ಮಾತ್ರೆ ಹೋಗಿ ಕೂರುವುದಾದರೂ ಎಲ್ಲಿ?

ಅಮ್ಮಾ, ಈಗ ನಿಮ್ಮ ಪ್ರಶ್ನೆ. ಇಲಿ ಜ್ವರ ಬ್ಯಾಕ್ಟೀರಿಯಾದಿಂದ ಬರುತ್ತದೆ. ಅದಕ್ಕೆ ತನ್ನದೇ ಮನೆ, ಗೋಡೆ, ಅಡುಗೆಮನೆ ಎಲ್ಲ ಇವೆ. ಹೊಡೆಯಲು ಹತ್ತು ಜಾಗ ಸಿಗುತ್ತವೆ. ಮಂಗನ ಕಾಯಿಲೆ ವೈರಸ್. ಅದು ಗದ್ದೆಯಲ್ಲಿ ಎದ್ದ ಕಳೆಯಂತೆ ಅಲ್ಲ, ಭತ್ತದ ಒಳಗೇ ಹೊಕ್ಕ ರೋಗ. ನಮ್ಮ ಕೋಶದೊಳಗೆ ನುಗ್ಗಿ, ನಮ್ಮದೇ ಒಲೆ, ನಮ್ಮದೇ ಪಾತ್ರೆಯಲ್ಲಿ ತನ್ನ ಅಡುಗೆ ಮಾಡಿಕೊಳ್ಳುತ್ತದೆ. ಒಲೆ ಆರಿಸಿದರೆ ನಾವೇ ಉಪವಾಸ.

ಆದರೂ ದಾರಿ ಇದೆ. ಸರ್ಪಸುತ್ತಿಗೆ ಕೊಡುವ ಅಸೈಕ್ಲೊವಿರ್ ನೋಡಿ. ಗರ್ಟ್ರೂಡ್ ಎಲಿಯನ್ ಎಂಬ ಮಹಿಳೆಯ ತಂಡ ರೂಪಿಸಿದ ಔಷಧ ಅದು. ಪಿಎಚ್‌ಡಿ ಮಾಡಲಾಗದೆಯೂ 1988ರಲ್ಲಿ ನೊಬೆಲ್ ಹಂಚಿಕೊಂಡವರು. ಆ ಮಾತ್ರೆ ನುಂಗಿದಾಗ ನಿದ್ದೆಯಲ್ಲಿರುತ್ತದೆ. ಅದನ್ನು ಎಬ್ಬಿಸುವ ಮೊದಲ ಕಿಣ್ವ ಸರ್ಪಸುತ್ತಿನ ವೈರಸ್ಸಿನದೇ. ವೈರಸ್ ಇಲ್ಲದ ಕೋಶದಲ್ಲಿ ಅದು ಹೆಚ್ಚುಕಡಿಮೆ ಮಲಗಿಯೇ ಇದ್ದು ಹೊರಟುಹೋಗುತ್ತದೆ. ಲಿವರಿಗೆ ಬರುವ ಹೆಪಟೈಟಿಸ್-ಸಿ ಇನ್ನೊಂದು ಉದಾಹರಣೆ. ಆ ವೈರಸ್ ತನ್ನ ಮಾಹಿತಿಯೆಲ್ಲ ಬರೆದಿರುವ ಆರ್‌ಎನ್‌ಎ ಎಂಬ ಎಳೆಯನ್ನು ನೋಡಿಕೊಂಡು ಆರ್‌ಎನ್‌ಎ ನಕಲು ಮಾಡುತ್ತದೆ. ನಮ್ಮ ಕೋಶ ಅಂಥ ಕೆಲಸಕ್ಕೆ ಯಂತ್ರವನ್ನೇ ಇಟ್ಟುಕೊಂಡಿಲ್ಲ. 2013ರಲ್ಲಿ ಬಂದ ಸೊಫೊಸ್ಬುವಿರ್ ಆ ಯಂತ್ರಕ್ಕೆ ಕಡ್ಡಿ ಸಿಕ್ಕಿಸುತ್ತದೆ. ಇನ್ನೊಂದು ಮಾತ್ರೆಯ ಜೊತೆ ಹನ್ನೆರಡು ವಾರ ತೆಗೆದುಕೊಂಡರೆ ಹೆಚ್ಚಿನವರಿಗೆ ಕಾಯಿಲೆ ಪೂರ್ತಿ ವಾಸಿ.

1957ರಲ್ಲಿ ನಿಮ್ಮ ಪಕ್ಕದ ಕ್ಯಾಸನೂರು ಕಾಡಿನಲ್ಲಿ ಸಿಕ್ಕ ಮಂಗನ ಕಾಯಿಲೆಯ ವೈರಸ್ ಹೆಪಟೈಟಿಸ್-ಸಿ ವೈರಸ್ಸಿನ ದೊಡ್ಡ ಕುಟುಂಬಕ್ಕೇ ಸೇರಿದ್ದು. ಅದೇ ಥರದ ನಕಲು ಯಂತ್ರ ಇದರಲ್ಲೂ ಇದೆ. ಅಂದರೆ ನಮ್ಮಲ್ಲಿಲ್ಲದ, ಹೊಡೆಯಬಹುದಾದ ಜಾಗ ಇದೆ. ಅದಕ್ಕೆ ಸರಿಯಾಗಿ ಕೂರುವ ಔಷಧವನ್ನು ಇನ್ನೂ ಯಾರೂ ಮಾಡಿಲ್ಲ. ಈ ಕಾಯಿಲೆ ಬರುವುದು ಸೊಪ್ಪಿಗೆ, ದರಗಿಗೆ ಕಾಡಿಗೆ ಹೋಗುವವರಿಗೆ. ಅವರ ಸಂಖ್ಯೆ ಚಿಕ್ಕದು, ಜೇಬು ಇನ್ನೂ ಚಿಕ್ಕದು. ಇದು ನನಗೆ ನಿಜಕ್ಕೂ ನೋವು ತರುವ ಮಾತು. ಅಲ್ಲಿಯವರೆಗೆ, ಕಾಡಿನಿಂದ ಬಂದ ದಿನ ಮೈಮೇಲೆ ಈ ಕಾಯಿಲೆ ಹರಡುವ ಉಣುಗು ಇದೆಯಾ ನೋಡಿಕೊಳ್ಳಿ. ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಬನ್ನಿ. ಮೈಯಲ್ಲಿ ನೀರು ಕಡಿಮೆಯಾಗದ ಹಾಗೆ, ಬಿಪಿ ಇಳಿಯದ ಹಾಗೆ, ರಕ್ತ ಹೋಗದ ಹಾಗೆ ನಾವು ಪಕ್ಕದಲ್ಲೇ ಇದ್ದು ನೋಡಿಕೊಳ್ಳುತ್ತೇವೆ. ವೈರಸ್ಸನ್ನು ಸೋಲಿಸುವ ಕೆಲಸ ಮಾತ್ರ ಸದ್ಯಕ್ಕೆ ನಿಮ್ಮ ಮೈಯೇ ಮಾಡಬೇಕು, ಅಮ್ಮಾ.